ಕೇಳಿದರೆ ಪ್ರೀತಿಯ ಸಹಜತೆ ಕೆಡುತ್ತದೆಯೇ?

ಪ್ರಶ್ನೆ: ನನಗೆ 32 ವರ್ಷ, ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ಮದುವೆಯಾಗಿ ಆರು ವರ್ಷವಾಗಿದೆ, ನಾಲ್ಕು ವರ್ಷದ ಮಗಳಿದ್ದಾಳೆ. ಪತಿ ಒಳ್ಳೆಯವರು. ಕುಡಿತವಿಲ್ಲ, ಕೈ ಎತ್ತಿದವರಲ್ಲ, ಬೆಳಿಗ್ಗೆ ಮಗಳಿಗೆ ಜಡೆ ಹಾಕುವುದೂ ಅವರೇ. ಆದರೆ ಹಾಸಿಗೆಯ ವಿಷಯದಲ್ಲಿ ಈ ಆರು ವರ್ಷದಲ್ಲಿ ಒಮ್ಮೆಯೂ ಅವರು ನನ್ನನ್ನು ಏನನ್ನೂ ಕೇಳಿಲ್ಲ. ದೀಪ ಆರಿದ ಮೇಲೆ ಕೈ ಬರುತ್ತದೆ, ಅಷ್ಟೇ. ಕೆಲವು ದಿನ ನನಗೂ ಇಷ್ಟವಿರುತ್ತದೆ, ಕೆಲವು ದಿನ ಇರುವುದಿಲ್ಲ. ಎರಡೂ ದಿನ ನಾನು ಸುಮ್ಮನೆ ಇರುತ್ತೇನೆ. ಹೋದ ತಿಂಗಳು ಇಬ್ಬರೂ ಕುಳಿತು ಒಂದು ಸಂದರ್ಶನ ನೋಡುತ್ತಿದ್ದೆವು. ಸಿನಿಮಾಗಳಲ್ಲಿ ಪ್ರಣಯದ ದೃಶ್ಯಗಳನ್ನು ನೋಡಿಕೊಳ್ಳುವ ಇಂಟಿಮಸಿ ಕೋಆರ್ಡಿನೇಟರ್ ಒಬ್ಬರು ಮಾತನಾಡುತ್ತಿದ್ದರು. ನಟಿಯ ಭುಜ ಮುಟ್ಟುವ ಮೊದಲೂ ಕೇಳುತ್ತಾರಂತೆ. ನನಗೆ ಅಳು ಬಂದುಬಿಟ್ಟಿತು. ಏಕೆ ಎಂದು ಪತಿ ಕೇಳಿದಾಗ, ‘ಸಂಬಳಕ್ಕೆ ನಟಿಸುವವರನ್ನೂ ಕೇಳುತ್ತಾರೆ, ನನ್ನನ್ನು ಯಾರೂ ಕೇಳುವುದಿಲ್ಲ’ ಎಂದೆ. ಅವರಿಗೆ ಬಹಳ ನೋವಾಯಿತು. ‘ಗಂಡ ಹೆಂಡತಿ ಅದನ್ನೆಲ್ಲ ಕೇಳಿಕೊಂಡು ಮಾಡಿದರೆ ನಾಟಕವಾಗುತ್ತದೆ, ಪ್ರೀತಿ ಆಗುವುದಿಲ್ಲ’ ಎಂದರು. ಅಂದಿನಿಂದ ನನ್ನ ಕಡೆ ತಿರುಗಿ ಮಲಗಿಲ್ಲ. ನಾನು ತಪ್ಪು ಮಾಡಿದೆನೇ? ಸಿನಿಮಾದವರ ಪದ್ಧತಿಗೂ ಸಂಸಾರಕ್ಕೂ ಏನಾದರೂ ಸಂಬಂಧವಿದೆಯೇ? ನಿಮಗೆ ಹೀಗೆ ಬರೆದಿದ್ದೇನೆಂದು ಅವರಿಗೆ ಹೇಳಬೇಕೇ?
— ಹೆಸರು ಬೇಡ, ಮೈಸೂರು

ಉತ್ತರ: ನೀವು ತಪ್ಪು ಮಾಡಿಲ್ಲ. ಆರು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಟಿವಿಯ ಮುಂದೆ ಕಣ್ಣೀರಿನ ಜೊತೆ ಹೊರಬಿತ್ತು. ಅಷ್ಟು ಕಾಲ ತಡೆದಿಟ್ಟ ಮಾತು ನಯವಾಗಿ ಬರುವುದು ಕಷ್ಟ. ಅದು ನಿಮ್ಮ ಪತಿಯನ್ನು ಚುಚ್ಚಿದ್ದೂ ಸಹಜವೇ. ತಾನು ಒಳ್ಳೆಯ ಗಂಡ ಎಂದು ನಂಬಿಕೊಂಡಿದ್ದ ಮನುಷ್ಯನಿಗೆ ಒಂದೇ ವಾಕ್ಯದಲ್ಲಿ ಆರು ವರ್ಷದ ಲೆಕ್ಕ ತಲೆಕೆಳಗಾಗಿದೆ. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿರುವುದು ಸಿಟ್ಟಿನಿಂದ ಎಂದು ನನಗೆ ಅನಿಸುವುದಿಲ್ಲ. ಮುಟ್ಟುವುದು ಹೇಗೆ ಎಂದು ಅವರಿಗೆ ಈಗ ತಿಳಿಯುತ್ತಿಲ್ಲ.

ಆದರೆ ಅವರು ಹೇಳಿದ ಮಾತನ್ನು ನಾನು ಹಗುರವಾಗಿ ಬಿಡಲಾರೆ. ಕೇಳಿದರೆ ಸಹಜತೆ ಹೋಗುತ್ತದೆ ಎಂಬುದು ಅವರೊಬ್ಬರ ನಂಬಿಕೆಯಲ್ಲ. ದಂಪತಿಗಳ ಆಪ್ತ ಸಲಹೆಗಾರ್ತಿಯಾಗಿ ಈ 22 ವರ್ಷಗಳಲ್ಲಿ ಅದನ್ನು ಎಷ್ಟು ಗಂಡಸರ ಬಾಯಲ್ಲಿ ಕೇಳಿದ್ದೇನೋ, ಹೆಂಗಸರ ಬಾಯಲ್ಲೂ ಅಷ್ಟೇ ಕೇಳಿದ್ದೇನೆ. ‘ಅವರಿಗೇ ಗೊತ್ತಾಗಬೇಕು, ನಾನು ಹೇಳಿದರೆ ಏನು ಚೆಂದ?’ ಎನ್ನುವ ಹೆಂಡತಿಯರಿದ್ದಾರೆ. ಸಿನಿಮಾ ರಂಗವೂ ಬಹುಕಾಲ ಇದೇ ನಂಬಿಕೆಯ ಮೇಲೆ ನಡೆಯಿತು, ಅದಕ್ಕೆ ದೊಡ್ಡ ಬೆಲೆಯನ್ನೂ ತೆತ್ತಿತು. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಗೆ, ಸಿನಿಮಾದವರ ಪದ್ಧತಿಗೂ ಸಂಸಾರಕ್ಕೂ ಸಂಬಂಧವಿದೆಯೇ ಎಂಬುದಕ್ಕೆ, ಮೊದಲು ಉತ್ತರಿಸುತ್ತೇನೆ.

1972ರಲ್ಲಿ ಇಟಲಿಯ ನಿರ್ದೇಶಕ ಬರ್ನಾರ್ಡೊ ಬೆರ್ಟೊಲುಚ್ಚಿ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ ಚಿತ್ರ ತೆಗೆದರು. ನಾಯಕ ಮಾರ್ಲನ್ ಬ್ರ್ಯಾಂಡೊ, ಆಗಲೇ ಜಗತ್ಪ್ರಸಿದ್ಧ ನಟ. ನಾಯಕಿ ಮರಿಯಾ ಶ್ನೈಡರ್‌ಗೆ 19 ವರ್ಷ. ಅತ್ಯಾಚಾರವನ್ನು ತೋರಿಸುವ ಒಂದು ದೃಶ್ಯಕ್ಕೆ ಚಿತ್ರಕಥೆಯಲ್ಲಿ ಇಲ್ಲದಿದ್ದ ಒಂದು ವಿವರವನ್ನು ನಿರ್ದೇಶಕ ಮತ್ತು ನಾಯಕ ಅಂದು ಬೆಳಿಗ್ಗೆ ತಮ್ಮೊಳಗೇ ಸೇರಿಸಿಕೊಂಡರು. ದೃಶ್ಯದಲ್ಲಿದ್ದದ್ದು ನಟನೆಯೇ, ಆದರೆ ತನ್ನ ಕಣ್ಣೀರು ನಿಜವಾದದ್ದು ಎಂದು ಶ್ನೈಡರ್ 2007ರಲ್ಲಿ ಹೇಳಿದರು. ಅವಮಾನದಲ್ಲಿ ಬೆಂದಿದ್ದಾಗಿ ಹೇಳಿದರು. ಅವರು 2011ರಲ್ಲಿ ತೀರಿಕೊಂಡರು. ಎರಡು ವರ್ಷದ ಬಳಿಕ ಬೆರ್ಟೊಲುಚ್ಚಿ ಒಂದು ಸಂದರ್ಶನದಲ್ಲಿ ಕಾರಣ ಕೊಟ್ಟರು: ಆಕೆ ನಟಿಯಾಗಿ ಅಲ್ಲ, ಒಬ್ಬ ಹುಡುಗಿಯಾಗಿ ಪ್ರತಿಕ್ರಿಯಿಸಲಿ ಎಂಬುದು ಅವರಿಗೆ ಬೇಕಿತ್ತಂತೆ.

ಈ ಕಾರಣವನ್ನು ಇನ್ನೊಮ್ಮೆ ಓದಿ. ಮೊದಲೇ ಹೇಳಿದರೆ ನಾಟಕವಾಗುತ್ತದೆ, ಹೇಳದಿದ್ದರೆ ನಿಜವಾಗುತ್ತದೆ. ಕೆಡುಕಿನಲ್ಲಿ ಆ ನಿರ್ದೇಶಕನಿಗೂ ನಿಮ್ಮ ಪತಿಗೂ ಹೋಲಿಕೆಯಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಇಬ್ಬರೂ ನಂಬಿದ ಸೂತ್ರ ಒಂದೇ.

ಈ ಸೂತ್ರದ ರುಚಿ ನನಗೂ ಗೊತ್ತು. ಓದುವ ದಿನಗಳಲ್ಲಿ ಧಾರವಾಡದ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಿದ್ದೆ. ಒಂದು ದೃಶ್ಯದಲ್ಲಿ ಗಂಡನ ಪಾತ್ರಧಾರಿ ನನ್ನ ಮೊಣಕೈ ಹಿಡಿದು ತಡೆಯಬೇಕಿತ್ತು. ತಿಂಗಳಿಡೀ ತಾಲೀಮಿನಲ್ಲಿ ಹಾಗೆಯೇ ನಡೆಯಿತು. ಪ್ರದರ್ಶನದ ದಿನ ಅವನು ಮುಂಗೈ ತಿರುಚಿ ಎಳೆದು ಬಿಗಿಯಾಗಿ ಅಪ್ಪಿದ. ಕೈಯಲ್ಲಿದ್ದ ಹಸಿರು ಗಾಜಿನ ಬಳೆಗಳಲ್ಲಿ ನಾಲ್ಕು ಒಡೆದು ಚರ್ಮಕ್ಕೆ ಹೊಕ್ಕವು. ನಾನು ಚೀರಿದೆ, ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಪರದೆ ಬಿದ್ದ ಮೇಲೆ ನಿರ್ದೇಶಕರು ನಗುತ್ತಾ, ‘ನಾನೇ ಹೇಳಿದ್ದೆ, ಇವತ್ತು ನಿನ್ನ ಮುಖದಲ್ಲಿ ನಿಜ ಬಂತು’ ಎಂದರು. ಬಣ್ಣ ಹಚ್ಚುವ ಕೋಣೆಯಲ್ಲಿ ಒಬ್ಬಳೇ ಕುಳಿತು ಕೊಬ್ಬರಿ ಎಣ್ಣೆಯಲ್ಲಿ ಮುಖದ ಬಣ್ಣ ತೆಗೆಯುತ್ತಾ, ಅತ್ತರೆ ಸಣ್ಣವಳಾಗುತ್ತೇನೆ ಎಂದು ತಡೆದುಕೊಂಡೆ. ಆಮೇಲಿನ ಆರು ಪ್ರದರ್ಶನಗಳಲ್ಲಿ ಆ ದೃಶ್ಯ ಬರುವ ಮೊದಲೇ ನನ್ನ ಹೆಗಲು ಬಿಗಿಯುತ್ತಿತ್ತು. ಮಾತು ಮರೆಯುತ್ತಿದ್ದೆ. ಒಂದು ರಾತ್ರಿಯ ‘ನಿಜ’ಕ್ಕಾಗಿ ಆರು ರಾತ್ರಿಯ ಅಭಿನಯ ಹಾಳಾಯಿತು.

ಹೆಗಲು ಬಿಗಿಯುವುದು ಎಂದೆನಲ್ಲ, ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು. ಇಷ್ಟವಿರುವ ದಿನವೂ ಸುಮ್ಮನಿರುತ್ತೇನೆ ಎಂದು ಬರೆದಿದ್ದೀರಿ. ಬೇಡ ಎನ್ನಲು ಜಾಗವಿಲ್ಲದ ಕಡೆ ಬೇಕು ಎನ್ನುವ ಮಾತೂ ಮೆಲ್ಲಗೆ ಸತ್ತುಹೋಗುತ್ತದೆ.

ಈಗ ಇಂಟಿಮಸಿ ಕೋಆರ್ಡಿನೇಟರ್, ಅಂದರೆ ಆಪ್ತ ದೃಶ್ಯಗಳ ಸಂಯೋಜಕಿಯ ವೃತ್ತಿಯ ವಿಷಯ. ಹೊಡೆದಾಟದ ದೃಶ್ಯವಿದ್ದರೆ ನಮ್ಮ ಕನ್ನಡ ಚಿತ್ರಗಳ ಟೈಟಲ್ ಕಾರ್ಡ್‌ನಲ್ಲಿ ‘ಸಾಹಸ’ ಎಂದು ಒಬ್ಬರ ಹೆಸರು ಬರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ‘ಇಬ್ಬರೂ ಸಿಟ್ಟು ತಂದುಕೊಂಡು ನಿಮಗೆ ತೋಚಿದಂತೆ ಹೊಡೆದಾಡಿ’ ಎಂದು ಯಾವ ನಿರ್ದೇಶಕರೂ ಬಿಡುವುದಿಲ್ಲ. ಕಾಲು ಎಲ್ಲಿ, ಮುಷ್ಟಿ ಎಷ್ಟು ದೂರದಲ್ಲಿ ನಿಲ್ಲಬೇಕು, ಬೀಳುವ ಕಡೆ ಹಾಸಿಗೆ ಇದೆಯೇ ಎಂದು ಅಳೆದೇ ಮಾಡಿಸುತ್ತಾರೆ. ಪ್ರಣಯದ ದೃಶ್ಯ ಬಂದಾಗ ಮಾತ್ರ ‘ನೀವಿಬ್ಬರೂ ಏನಾದರೂ ಮಾಡಿ’ ಎಂದು ಬಿಡುತ್ತಿದ್ದರು. ಈ ವೃತ್ತಿಯನ್ನು ಕಟ್ಟಿದವರಲ್ಲಿ ಕೆಲವರು ಹೊಡೆದಾಟದ ದೃಶ್ಯ ಕಲಿಸುವ ಕೆಲಸದಿಂದಲೇ ಬಂದವರು. ಅಮೆರಿಕದ ಟೋನಿಯಾ ಸೀನಾ ಎಂಬವರು 2006ರಲ್ಲಿಯೇ ರಂಗಭೂಮಿಯ ಆಪ್ತ ದೃಶ್ಯಗಳನ್ನು ನೃತ್ಯದಂತೆ ಸಂಯೋಜಿಸುವ ಬಗ್ಗೆ ತಮ್ಮ ಸ್ನಾತಕೋತ್ತರ ಪ್ರಬಂಧ ಬರೆದರು. ಹತ್ತು ವರ್ಷದ ನಂತರ, 2016ರಲ್ಲಿ, ಅಲಿಸಿಯಾ ರೋಡಿಸ್ ಮತ್ತು ಶಿವಾನ್ ರಿಚರ್ಡ್‌ಸನ್ ಜೊತೆ ಸೇರಿ ಒಂದು ಸಂಸ್ಥೆ ಕಟ್ಟಿದರು. 2017ರ ಅಕ್ಟೋಬರ್‌ನಲ್ಲಿ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ವಿರುದ್ಧದ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದು ಮೀಟೂ ಅಲೆ ಎದ್ದಿತು. ಮರುವರ್ಷ ಎಚ್‌ಬಿಒ ವಾಹಿನಿಯ ‘ದಿ ಡ್ಯೂಸ್’ ಧಾರಾವಾಹಿಯ ನಟಿ ಎಮಿಲಿ ಮೀಡ್ ತನ್ನ ದೃಶ್ಯಗಳಿಗೆ ಇಂಥ ಒಬ್ಬರು ಬೇಕೇ ಬೇಕು ಎಂದು ಕೇಳಿದರು. ರೋಡಿಸ್ ಬಂದರು. ಅದೇ ವರ್ಷ ಆ ವಾಹಿನಿ ತನ್ನ ಎಲ್ಲ ಆಪ್ತ ದೃಶ್ಯಗಳಿಗೂ ಈ ಏರ್ಪಾಡನ್ನು ವಿಸ್ತರಿಸಿತು. ಒಬ್ಬ ನಟಿ ಬಾಯಿ ಬಿಟ್ಟು ಕೇಳಿದ್ದರಿಂದ ಇಡೀ ವಾಹಿನಿಯ ಪದ್ಧತಿ ಬದಲಾಯಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಸಂಯೋಜಕಿಯ ಚೀಲದಲ್ಲಿ ಏನಿರುತ್ತದೆ ಗೊತ್ತೇ? ಮೈಬಣ್ಣದ ಚಿಕ್ಕ ಒಳ ಉಡುಪುಗಳು, ಚರ್ಮಕ್ಕೆ ಅಂಟಿಸುವ ಎರಡು ಬದಿಯ ಟೇಪ್, ಇಬ್ಬರ ಮೈ ನಡುವೆ ಇಡುವ ತೆಳು ಮೆತ್ತೆ, ಕೆಲವೊಮ್ಮೆ ಅರ್ಧ ಗಾಳಿ ತೆಗೆದ ಚೆಂಡು, ಬಾಯಿ ವಾಸನೆಗೆ ಪುದೀನ ಮಾತ್ರೆ. ಕ್ಯಾಮೆರಾದ ಆಚೆ ‘ಕಟ್’ ಎಂದ ಕ್ಷಣ ಹೊದಿಸಲು ಎರಡು ನಿಲುವಂಗಿ ಸಿದ್ಧವಾಗಿರುತ್ತವೆ. ಆದರೆ ಅವರ ನಿಜವಾದ ಕೆಲಸ ಈ ಚೀಲ ತೆರೆಯುವ ಬಹಳ ಮೊದಲೇ ಆರಂಭವಾಗುತ್ತದೆ. ಚಿತ್ರಕಥೆಯಲ್ಲಿ ‘ಇಬ್ಬರೂ ಒಂದಾಗುತ್ತಾರೆ’ ಎಂದು ಎರಡು ಪದ ಇದ್ದರೆ, ಅದರ ಅರ್ಥ ಏನು ಎಂದು ನಿರ್ದೇಶಕರನ್ನು ಕೇಳುತ್ತಾರೆ. ಬಳಿಕ ನಟ ಮತ್ತು ನಟಿಯ ಜೊತೆ ಬೇರೆ ಬೇರೆಯಾಗಿ ಮಾತನಾಡುತ್ತಾರೆ. ಯಾವುದು ಸರಿ, ಯಾವುದು ಬೇಡ, ಯಾವುದು ಇಂತಿಷ್ಟು ಮಟ್ಟಿಗೆ ಸರಿ ಎಂದು ಬರೆದುಕೊಳ್ಳುತ್ತಾರೆ. ನಗ್ನತೆಯ ದೃಶ್ಯಕ್ಕೆ ಅಮೆರಿಕದ ಕಲಾವಿದರ ಸಂಘದ ಒಪ್ಪಂದದಲ್ಲಿ ಲಿಖಿತ ಸಮ್ಮತಿ ಬೇಕು, ಆ ಪತ್ರ ಚಿತ್ರೀಕರಣಕ್ಕೆ ಕನಿಷ್ಠ 48 ಗಂಟೆ ಮೊದಲೇ ಕಲಾವಿದರ ಕೈ ಸೇರಬೇಕು. ಸಹಿ ಹಾಕಿದ ಮೇಲೂ ಕ್ಯಾಮೆರಾ ಓಡುವ ಮೊದಲು ಮನಸ್ಸು ಬದಲಾಯಿಸುವ ಹಕ್ಕು ಇರುತ್ತದೆ.

ತಾಲೀಮಿನಲ್ಲಿ ಒಂದು ಸರಳ ಅಭ್ಯಾಸ ಮಾಡಿಸುತ್ತಾರೆ. ಒಬ್ಬರು ‘ನಿಮ್ಮ ಭುಜ ಮುಟ್ಟಲೇ?’ ಎನ್ನುತ್ತಾರೆ. ಇನ್ನೊಬ್ಬರು, ನಿಜವಾಗಿ ಒಪ್ಪಿಗೆ ಇದ್ದರೂ ಸಹ, ಅಭ್ಯಾಸಕ್ಕಾಗಿ ‘ಬೇಡ’ ಎನ್ನಬೇಕು. ಕೇಳಿದವರು ಅದಕ್ಕೆ ಧನ್ಯವಾದ ಹೇಳಬೇಕು, ಅಷ್ಟೇ. ‘ಏಕೆ’ ಎನ್ನುವಂತಿಲ್ಲ, ಮುಖ ಸಣ್ಣ ಮಾಡುವಂತಿಲ್ಲ. ನಾನು ಇದನ್ನು ದಂಪತಿಗಳಿಂದ ಮಾಡಿಸುತ್ತೇನೆ. 15 ವರ್ಷ ಸಂಸಾರ ಮಾಡಿದ ಹೆಂಗಸಿಗೆ ಎದುರು ಕುಳಿತ ಗಂಡನಿಗೆ ‘ಬೇಡ’ ಎನ್ನಲು ನಾಲಿಗೆ ಏಳದೆ ಬೆವರು ಬಂದದ್ದನ್ನು ಕಂಡಿದ್ದೇನೆ. ಬರಿಯ ಆಟವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಎರಡು ಅಕ್ಷರ ಅಷ್ಟು ಭಾರವಾಗಿತ್ತು. ಗಂಡ ‘ಹೇಳಿದ್ದು ಒಳ್ಳೆಯದಾಯಿತು’ ಎಂದಾಗ ಆಕೆ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಇಷ್ಟೆಲ್ಲ ಅಳೆದು ಸುರಿದು ಮಾಡಿದ ದೃಶ್ಯ ಜೀವವಿಲ್ಲದ್ದಾಗುತ್ತದೆ ಎಂಬುದೇ ನಿಮ್ಮ ಪತಿಯ ಅಂಜಿಕೆ. 2020ರಲ್ಲಿ ಬಂದ ‘ನಾರ್ಮಲ್ ಪೀಪಲ್’ ಎಂಬ 12 ಕಂತುಗಳ ಧಾರಾವಾಹಿಗೆ ಬ್ರಿಟನ್ನಿನ ಈಟಾ ಓಬ್ರಿಯನ್ ಸಂಯೋಜಕಿಯಾಗಿದ್ದರು. ಐರ್ಲೆಂಡಿನ ಇಬ್ಬರು ಎಳೆಯ ಪ್ರೇಮಿಗಳ ಕಥೆ ಅದು. ಅದರ ಪ್ರಣಯ ದೃಶ್ಯಗಳಲ್ಲಿ ಯಾವ ಕೈ ಎಲ್ಲಿಗೆ, ಯಾವ ಉಸಿರಿಗೆ ಎಂದು ಮೊದಲೇ ನಿಶ್ಚಯವಾಗಿತ್ತು. ನೋಡಿದವರು ಹೊಗಳಿದ್ದು ಅವುಗಳ ಸಹಜತೆಯನ್ನೇ. ಅದರಲ್ಲಿ ಆಶ್ಚರ್ಯವಿಲ್ಲ. ಭರತನಾಟ್ಯದ ಕಲಾವಿದೆ ಅಡವುಗಳನ್ನು ಎಣಿಸಿ ಕಲಿತದ್ದರಿಂದಲೇ ವೇದಿಕೆಯ ಮೇಲೆ ಎಣಿಸದೆ ಕುಣಿಯಬಲ್ಲಳು. ಏನು ಬಂದೀತೋ ಎಂಬ ಅಂಜಿಕೆ ಇಲ್ಲದ ಮೈ ಮಾತ್ರ ಸಡಿಲಾಗಿ ಆಡುತ್ತದೆ.

ಭಾರತದಲ್ಲಿ ಈ ವೃತ್ತಿ ಇನ್ನೂ ಎಳೆಯದು. ಆಸ್ಥಾ ಖನ್ನಾ ದೇಶದ ಮೊದಲ ಪ್ರಮಾಣಿತ ಇಂಟಿಮಸಿ ಕೋಆರ್ಡಿನೇಟರ್ ಎಂದು ಹೆಸರಾದವರು. 2022ರ ಹಿಂದಿ ಚಿತ್ರ ‘ಗೆಹರಾಯಿಯಾ’ಕ್ಕೆ ದರ್ ಗೈ ಇಂಥ ದೃಶ್ಯಗಳ ನಿರ್ದೇಶಕಿಯಾಗಿದ್ದರು. ಬಹುಕಾಲ ನಮ್ಮ ತೆರೆಯ ಮೇಲೆ ಎರಡು ಹೂಗಳು ತಾಗಿದರೆ ಮುಗಿಯಿತು. ತಂದೆ, ಮಗ, ಅತ್ತೆ, ಸೊಸೆ ಒಟ್ಟಿಗೆ ಕುಳಿತು ನೋಡುವುದರಿಂದ ರಂಗದ ಮೇಲೆ ಚುಂಬನ, ಆಲಿಂಗನ ಬೇಡ ಎಂದು ನಾಟ್ಯಶಾಸ್ತ್ರವೇ ಹೇಳಿದೆ. ಅದರಲ್ಲಿ ಒಂದು ನಯವಿದೆ, ನಾನು ಅದನ್ನು ಹಳಿಯುವುದಿಲ್ಲ. ಆದರೆ ತೆರೆಯ ಮೇಲೆ ತೋರಿಸದ್ದನ್ನು ನಾವು ಮನೆಯಲ್ಲಿ ಆಡಲೂ ಕಲಿಯಲಿಲ್ಲ.

ಈ ಮೌನದ ಲಾಭ ಪಡೆದವರೂ ಇದ್ದಾರೆ. ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿಗತಿ ತಿಳಿಯಲು ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಹೇಮಾ ಸಮಿತಿಯ ವರದಿ 2019ರ ಕೊನೆಗೆ ಸಲ್ಲಿಕೆಯಾಗಿ, ಜನರ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಅದರಲ್ಲಿ ಒಬ್ಬ ನಟಿಯ ವಿಷಯವಿದೆ. ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡವನ ಹೆಂಡತಿಯಾಗಿ ಆಕೆ ಮರುದಿನವೇ ನಟಿಸಬೇಕಾಯಿತು. ಅಪ್ಪಿಕೊಳ್ಳುವ ಒಂದು ಶಾಟ್ ಸರಿಬಾರದೆ 17 ರೀಟೇಕ್ ಆಯಿತು, ಬೈಗುಳ ಬಿದ್ದದ್ದು ಆಕೆಗೇ. ಮೈ ಸುಳ್ಳು ಹೇಳಲು ಒಪ್ಪಲಿಲ್ಲ ಎಂದು ನಾನು ಓದಿಕೊಂಡೆ. ಅದರ ಬೆನ್ನಿಗೆ, 2024ರ ಸೆಪ್ಟೆಂಬರ್‌ನಲ್ಲಿ, ನಮ್ಮಲ್ಲೂ ಅಂಥದೇ ಸಮಿತಿ ಬೇಕೆಂದು ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆ 150ಕ್ಕೂ ಹೆಚ್ಚು ಜನರ ಸಹಿಯೊಂದಿಗೆ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟಿತು.

ಮನೆಗೆ ಬರೋಣ. ನಿಮಗೆ ನಾನು ಕೊಡುವ ಮೊದಲ ಸಲಹೆ ಆ 48 ಗಂಟೆಗಳಿಂದ ಬಂದದ್ದು. ಹಾಸಿಗೆಯ ಮಾತನ್ನು ಹಾಸಿಗೆಯಲ್ಲಿ ಆಡಬೇಡಿ. ಬಟ್ಟೆ ಸಡಿಲಾದ ಮೇಲೆ, ಕೈ ಬಂದ ಮೇಲೆ ‘ಬೇಡ’ ಎಂದರೆ ಅದು ತಿರಸ್ಕಾರದಂತೆ ಕೇಳಿಸುತ್ತದೆ. ಅದೇ ಮಾತು ಹಗಲಿನಲ್ಲಿ, ಏನೂ ನಡೆಯದಿರುವಾಗ, ಬರಿಯ ಮಾಹಿತಿಯಂತೆ ಕೇಳಿಸುತ್ತದೆ. ನನ್ನ ಬಳಿ ಬಂದ ಒಂದು ಜೋಡಿಗೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಎದುರುಬದುರು ಕುಳಿತರೆ ಮಾತೇ ಹೊರಡುತ್ತಿರಲಿಲ್ಲ. ಅವರಿಗೆ ದಾರಿ ಸಿಕ್ಕಿದ್ದು ಜನವರಿಯಲ್ಲಿ, ಹಿದುಕಿದ ಅವರೆಬೇಳೆ ಮಾಡುವ ದಿನ. ರಾತ್ರಿ ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಪಕ್ಕಪಕ್ಕದಲ್ಲಿ ಕುಳಿತಿದ್ದರು. ಕೈಗೆ ಕೆಲಸ, ಕಣ್ಣು ಕಾಳಿನ ಮೇಲೆ. ಹೆಬ್ಬೆರಳು ಒತ್ತಿದಾಗ ಸಿಪ್ಪೆಯಿಂದ ಬೇಳೆ ಜಾರಿ ಬೀಳುತ್ತದಲ್ಲ, ಅವರ ಮಾತೂ ಹಾಗೆಯೇ ಒಂದೊಂದಾಗಿ ಬಂತಂತೆ. ಮುಖ ನೋಡಬೇಕಾಗಿಲ್ಲದ ಕಡೆ ನಾಚಿಕೆ ಅರ್ಧ ಇಳಿಯುತ್ತದೆ. ನಿಮಗೆ ಅದು ಸ್ಕೂಟರ್ ಸವಾರಿಯೋ, ಕುಕ್ಕರಹಳ್ಳಿ ಕೆರೆಯ ಸುತ್ತಿನ ನಡಿಗೆಯೋ ಆಗಬಹುದು.

ಎರಡನೆಯದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ನಮ್ಮ ಭಾಷೆಯೇ ಇಲ್ಲಿ ಅಡ್ಡ ಬರುತ್ತದೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಮದುವೆಗೆ ಹುಡುಗಿಯನ್ನು ನೋಡಿದ ದಿನದಿಂದ ಕೇಳಿಕೊಂಡು ಬಂದಿದ್ದೇವೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುತ್ತೇವೆ. ಈ ಗಾದೆ ನನಗೆ ಒಂದು ಕಾಲಕ್ಕೆ ಬಹಳ ಇಷ್ಟವಾಗಿತ್ತು. ಈಗ ಅದರ ಕೊನೆಯ ಪದದ ಮುಂದೆ ನಿಲ್ಲುತ್ತೇನೆ. ಜಗಳ ಮುಗಿದಿದೆ ಎಂದು ಯಾರು ತೀರ್ಮಾನಿಸಿದರು? ಹಗಲಿನ ಮಾತು ಬಾಕಿ ಇರುವಾಗಲೇ ಮಲಗಿದಾಕೆಯ ಮೌನವನ್ನು ರಾಜಿ ಎಂದು ಓದಿಕೊಂಡ ಗಂಡಂದಿರು ಎಷ್ಟೋ ಮಂದಿ, ಪಾಪ, ನಿಜವಾಗಿಯೂ ಹಾಗೆಯೇ ನಂಬಿದ್ದರು. ನಿಮ್ಮ ಪತಿಯೂ ನಿಮ್ಮ ಮೌನವನ್ನು ಹಾಗೆ ಓದಿರಬಹುದು. ಇಷ್ಟವಿದ್ದ ದಿನವೂ ಇಲ್ಲದ ದಿನವೂ ಅವರಿಗೆ ಸಿಕ್ಕಿದ್ದು ಒಂದೇ ಮೌನ. ಎರಡರ ನಡುವಿನ ವ್ಯತ್ಯಾಸ ಅವರಿಗೆ ಕಾಣಲು ನಿಮ್ಮ ಒಂದು ಮಾತು ಬೇಕು, ಅದನ್ನು ಆಡಲು ಭಯವಾಗದಂತೆ ಅವರ ಮುಖ ಬೇಕು. ಈ ಎರಡನೆಯದು ಅವರ ಜವಾಬ್ದಾರಿ. ‘ಇವತ್ತು ಬೇಡ’ ಎಂದದ್ದಕ್ಕೆ ಮರುದಿನ ಕಾಫಿ ಲೋಟ ಕುಕ್ಕಿ ಇಟ್ಟರೆ, ಮುಂದಿನ ಸಲ ಆ ಮಾತು ಬರುವುದಿಲ್ಲ. ‘ಬೇಡ’ ಎನ್ನಲು ತೆರಬೇಕಾದ ಬೆಲೆ ಕಡಿಮೆಯಾದಷ್ಟೂ ಅವರಿಗೆ ಸಿಗುವ ‘ಹೂಂ’ನಲ್ಲಿ ತೂಕ ಬರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 82ರಷ್ಟು ಮಂದಿ ತಮಗೆ ಬೇಡವಾದಾಗ ಗಂಡನಿಗೆ ಬೇಡ ಎನ್ನಬಲ್ಲೆವು ಎಂದಿದ್ದರು. ಒಳ್ಳೆಯ ಸಂಖ್ಯೆ. ಉಳಿದವರು ಐವರಲ್ಲಿ ಒಬ್ಬರಿಗೆ ಹತ್ತಿರ. ಅಲ್ಲದೆ, ಎನ್ನಬಲ್ಲೆ ಎಂಬುದಕ್ಕೂ ಎಂದೆ ಎಂಬುದಕ್ಕೂ ನಡುವೆ ಎಷ್ಟು ರಾತ್ರಿಗಳಿವೆ ಎಂದು ನನ್ನ ಕೋಣೆಗೆ ಬರುವವರನ್ನು ನೋಡಿ ಬಲ್ಲೆ.

ನಿಮ್ಮ ಪತಿ ತಿಳಿಯಬೇಕಾದ ಇನ್ನೊಂದು ವಿಷಯವಿದೆ. ಬಯಕೆ ಎಲ್ಲರಲ್ಲೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಒಂದು ವಿವರಣೆ ಮುಂದಿಟ್ಟರು. ದೀರ್ಘ ಸಂಬಂಧದಲ್ಲಿರುವ ಅನೇಕ ಹೆಂಗಸರಲ್ಲಿ ಬಯಕೆ ಮೊದಲು ಬಂದು ಆಮೇಲೆ ಸ್ಪರ್ಶ ಎಂಬ ಕ್ರಮವಿಲ್ಲ. ಸಮಾಧಾನದ ಹೊತ್ತು, ಹಿತವಾದ ಸಲಿಗೆ ಮೊದಲು, ಅದರ ಬೆನ್ನಿಗೆ ಬಯಕೆ ಏಳುತ್ತದೆ. ಆದ್ದರಿಂದ ‘ಬೇಕೇ, ಬೇಡವೇ’ ಎಂದು ಬಾಗಿಲಲ್ಲೇ ನಿಂತು ಕೇಳಿದರೆ ಎಷ್ಟೋ ಸಲ ಪ್ರಾಮಾಣಿಕ ಉತ್ತರ ‘ಗೊತ್ತಿಲ್ಲ’ ಎಂದೇ ಇರುತ್ತದೆ. ‘ಬೆನ್ನು ನೀವಲೇ, ಅಷ್ಟು ಸಾಕೇ?’ ಎಂಬುದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಆದರೆ ಅಷ್ಟು ಸಾಕು ಎಂದರೆ ಅಷ್ಟಕ್ಕೇ ನಿಲ್ಲುತ್ತದೆ ಎಂಬ ಭರವಸೆ ನಿಮಗಿರಬೇಕು. ಬೆನ್ನು ನೀವುವುದು ಯಾವಾಗಲೂ ಒಂದೇ ಕಡೆಗೆ ಹೋಗುತ್ತದೆ ಎಂದಾದರೆ ಬೆನ್ನು ಒಡ್ಡಲೂ ಹೆದರುತ್ತೀರಿ.

ಇದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಹಳೆಯ ಅಭ್ಯಾಸವಿದೆ. ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 1970ರಲ್ಲಿ ಪ್ರಕಟಿಸಿದ ಚಿಕಿತ್ಸೆಯ ತಿರುಳು ಅದು. ಮೊದಲ ಕೆಲವು ದಿನ ಸಂಭೋಗವನ್ನು ಪೂರ್ತಿ ನಿಷೇಧಿಸುತ್ತಾರೆ. ಮುಟ್ಟುವವರು, ಮುಟ್ಟಿಸಿಕೊಳ್ಳುವವರು ಸರದಿ ಬದಲಿಸುತ್ತಾರೆ. ಮುಟ್ಟಿಸಿಕೊಳ್ಳುವವರು ಇನ್ನೊಬ್ಬರ ಕೈಯ ಮೇಲೆ ತಮ್ಮ ಕೈ ಇಟ್ಟು ಎಲ್ಲಿ, ಎಷ್ಟು ಮೆಲ್ಲಗೆ ಎಂದು ತೋರಿಸಬಹುದು, ಬಾಯಿ ಬಿಡಬೇಕಾಗಿಲ್ಲ. ಸಂಯೋಜಕಿಯರೂ ಸೆಟ್‌ನಲ್ಲಿ ಇದೇ ಬಗೆಯಲ್ಲಿ ಮೈಯ ನಕ್ಷೆ ತೋರಿಸಿಕೊಡುತ್ತಾರೆ: ಸಹನಟನ ಕೈ ಹಿಡಿದು ಇಲ್ಲಿಂದ ಇಲ್ಲಿಯವರೆಗೆ ಸರಿ, ಇದರಾಚೆ ಬೇಡ ಎಂದು. ಮೈಯ ಭಾಗಗಳಿಗೆ ಬೈಗುಳವೂ ಅಲ್ಲದ, ವೈದ್ಯರ ಸಂಸ್ಕೃತವೂ ಅಲ್ಲದ ಪದಗಳು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ಅದಕ್ಕೇ ಕನ್ನಡದ ದಂಪತಿಗಳಿಗೆ ಈ ಅಭ್ಯಾಸ ಹೊಂದುತ್ತದೆ ಎಂದು ನನ್ನ ಅನುಭವ. ವಾರಕ್ಕೆ ಎರಡು ಸಲ, 20 ನಿಮಿಷ, ಮಗಳು ಮಲಗಿದ ಮೇಲೆ, ದೀಪ ಸಣ್ಣಗೆ ಉರಿಯುತ್ತಿರಲಿ. ಆರು ವರ್ಷ ಕತ್ತಲಲ್ಲೇ ಕಳೆದಿದ್ದೀರಿ, ಸ್ವಲ್ಪ ಬೆಳಕು ಬರಲಿ.

ಸೆಟ್‌ನಲ್ಲಿ ದೃಶ್ಯ ಮುಗಿದ ಮೇಲೆ ಕಲಾವಿದರು ಅಂಗೈಗೆ ಅಂಗೈ ತಟ್ಟಿ ಪಾತ್ರದಿಂದ ಹೊರಬರುವ ಒಂದು ಪುಟ್ಟ ರೂಢಿಯಿದೆ. ಮನೆಯಲ್ಲಿ ಪಾತ್ರ ಬಿಡಬೇಕಾಗಿಲ್ಲ, ಆದರೆ ಮುಗಿದ ತಕ್ಷಣ ಒಬ್ಬರು ಮೊಬೈಲ್ ಕೈಗೆತ್ತಿಕೊಂಡರೆ ಇನ್ನೊಬ್ಬರಿಗೆ ತಾನು ಬಳಕೆಯಾದೆ ಎನಿಸುತ್ತದೆ. ಐದು ನಿಮಿಷ ಕೈ ಹಿಡಿದು ಮಲಗಿದರೂ ಸಾಕು.

ಸಿನಿಮಾದವರ ಪದ್ಧತಿಯಲ್ಲಿ ಮನೆಗೆ ತರಬಾರದ್ದೂ ಇದೆ. ಅಲ್ಲಿ ಒಪ್ಪಂದದ ಕಾಗದವಿದೆ, ನಡುವೆ ಮೂರನೆಯವರಿದ್ದಾರೆ, ಇಬ್ಬರೂ ಕೆಲಸಕ್ಕೆ ಬಂದವರು. ನಟಿಯ ಸ್ವಂತ ಸುಖ ಅಲ್ಲಿ ಲೆಕ್ಕಕ್ಕೇ ಇಲ್ಲ, ಆಕೆಯ ಸುರಕ್ಷತೆ ಮಾತ್ರ ಲೆಕ್ಕ. ದಾಂಪತ್ಯಕ್ಕೆ ಸುರಕ್ಷತೆ ಸಾಲದು. ಪ್ರತಿ ಸ್ಪರ್ಶಕ್ಕೂ ಪ್ರಶ್ನೆ ಕೇಳಿ ಎಂದು ನಾನು ಹೇಳುತ್ತಿಲ್ಲ. ಪರಿಚಯದ ಜೋಡಿ ನೋಟದಲ್ಲಿ, ಉಸಿರಿನಲ್ಲಿ ಕೇಳಿಕೊಳ್ಳಬಲ್ಲದು, ಅದನ್ನೇ ನಿಮ್ಮ ಪತಿ ಪ್ರೀತಿ ಎನ್ನುತ್ತಿರುವುದು, ಅವರು ಹೇಳುವುದರಲ್ಲಿ ಅಷ್ಟು ಸತ್ಯವಿದೆ. ಆದರೆ ಸನ್ನೆಯ ಭಾಷೆ ಹುಟ್ಟುವುದು ಮಾತಾಡಿದ ಜೋಡಿಗಳಲ್ಲಿ. ನಿಮ್ಮಿಬ್ಬರ ನಡುವೆ ಆ ಮಾತು ಇನ್ನೂ ಆರಂಭವಾಗಿಲ್ಲ.

ಒಂದು ಎಚ್ಚರಿಕೆ, ನಿಮಗಿಂತ ಹೆಚ್ಚಾಗಿ ಇದನ್ನು ಓದುತ್ತಿರುವ ಇತರರಿಗೆ. ನಾಚಿಕೆಯಿಂದ ಬೇಡ ಎನ್ನಲಾಗದಿರುವುದು ಬೇರೆ, ಹೆದರಿಕೆಯಿಂದ ಎನ್ನಲಾಗದಿರುವುದು ಬೇರೆ. ಬೇಡ ಎಂದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಸ್ಥಿತಿಯಲ್ಲಿ ಈ ಅಭ್ಯಾಸಗಳು ಕೆಲಸಕ್ಕೆ ಬಾರವು, ಅಪಾಯವನ್ನೂ ತರಬಹುದು. 18 ವರ್ಷ ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲವಂತವನ್ನು ನಮ್ಮ ಅಪರಾಧ ಕಾನೂನು ಇಂದಿಗೂ ಅತ್ಯಾಚಾರ ಎಂದು ಕರೆಯುವುದಿಲ್ಲ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಈ ವಿನಾಯಿತಿಯನ್ನು ಕಟುವಾಗಿ ಟೀಕಿಸಿದ್ದರೂ ಅದು ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಆದರೆ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ, ಅದರಡಿ ರಕ್ಷಣೆ ಕೇಳಬಹುದು. 181ಕ್ಕೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಅಂಥ ಹೆದರಿಕೆ ಕಾಣಲಿಲ್ಲ. ಕಂಡದ್ದು ದಣಿವು, ಅದರ ಅಡಿಯಲ್ಲಿ ಅವರ ಮೇಲಿನ ಪ್ರೀತಿ. ಮಗಳಿಗೆ ಜಡೆ ಹಾಕುತ್ತಾರೆ ಎಂದು ಬರೆದಿರಿ. ನಾಲ್ಕು ವರ್ಷದ ಮಗುವಿನ ಸಿಕ್ಕು ಬಿಡಿಸುವವರಿಗೆ ‘ನೋವಾಯಿತೇ?’ ಎಂದು ಕೇಳಿ, ಕೈ ಸಡಿಲಿಸಿ, ಮತ್ತೆ ಬಾಚುವುದು ಗೊತ್ತಿರಲೇಬೇಕು. ಅವರಿಗೆ ಆ ಕಲೆ ಹೊಸದಾಗಿ ಕಲಿಸಬೇಕಾಗಿಲ್ಲ. ಅಷ್ಟನ್ನೇ ಅವರಿಗೆ ಹೇಳಿ: ‘ಅವಳ ತಲೆ ಬಾಚುವಾಗ ಕೇಳುತ್ತೀರಲ್ಲ, ಹಾಗೆ ನನ್ನನ್ನೂ ಕೇಳಿ’ ಎಂದು. ಆರು ವರ್ಷದ ಪಟ್ಟಿಯನ್ನು ಒಂದೇ ದಿನ ಬಿಚ್ಚಬೇಡಿ. ಮೊದಲ ಸಲ ಹದಿನೈದು ನಿಮಿಷ ಸಾಕು, ಅದರಲ್ಲಿ ನಿಮಗೆ ಇಷ್ಟವಾಗುವ ಒಂದು ಸಂಗತಿಯನ್ನೂ ತಪ್ಪದೆ ಹೇಳಿ. ಆರು ವರ್ಷದಲ್ಲಿ ಅವರು ಅದನ್ನೂ ಕೇಳಿಸಿಕೊಂಡಿಲ್ಲ. ಟಿವಿಯ ಮುಂದೆ ಆಡಿದ ಮಾತಿನ ಧಾಟಿಗಾಗಿ ಕ್ಷಮೆ ಕೇಳಬೇಕೆನಿಸಿದರೆ ಕೇಳಿ, ಮಾತಿಗಾಗಿ ಬೇಡ.

ನನಗೆ ಬರೆದದ್ದನ್ನು ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ, ಆದರೆ ಮಾತು ಆರಂಭವಾದ ಮೇಲೆ, ಎರಡನೆಯ ಅಥವಾ ಮೂರನೆಯ ಸಲ. ಮೊದಲೇ ಈ ಬರಹವನ್ನು ಕೈಗಿಟ್ಟರೆ ಅವರಿಗೆ ಇದು ತೀರ್ಪಿನಂತೆ ಕಾಣುತ್ತದೆ. ಆಮೇಲೆ ಅವರೇ ಓದಲು ಇಷ್ಟಪಟ್ಟರೆ ಒಟ್ಟಿಗೆ ಕುಳಿತು ಓದಿ. ನಾನು ತಪ್ಪಾಗಿ ಊಹಿಸಿದ ಕಡೆ ಅವರು ಗೆರೆ ಎಳೆಯಲಿ. ಅವರಿಗೂ ಬರೆಯಬೇಕೆನಿಸಿದರೆ ಬರೆಯಲಿ, ಅವರ ಮಾತನ್ನೂ ಇಷ್ಟೇ ಗಮನವಿಟ್ಟು ಓದುತ್ತೇನೆ.